ಹೊಟ್ಟೆ ಒತ್ತುವ ಡಾಕ್ಟ್ರು

ಮೆಡಿಕಲ್ ಕಾಲೇಜಿಗೆ ಸೇರಿದ ಜಿಲ್ಲಾಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಪಾಳಿಯ ಹೌಸ್ ಸರ್ಜನ್‌ನನ್ನು ಗುರುತಿಸುವುದು ಸುಲಭ. ಕೊರಳಲ್ಲಿ ಸ್ಟೆತಸ್ಕೋಪು, ಜೇಬಿನಲ್ಲಿ ಅರ್ಧ ತಿಂದ ಬಿಸ್ಕತ್ತು ಪೊಟ್ಟಣ, ಕಾಲಲ್ಲಿ ಹವಾಯಿ ಚಪ್ಪಲಿ. ಎದೆನೋವಿನವರು ಬಂದರೆ ಈತ ಅಂಜುವುದಿಲ್ಲ, ಇಸಿಜಿ ಇದೆ. ಕೈ ಮುರಿದವರು ಬಂದರೂ ಅಂಜುವುದಿಲ್ಲ, ಎಕ್ಸ್‌ರೇ ಇದೆ. ಹೊಟ್ಟೆ ಹಿಡಿದುಕೊಂಡು ಬಂದರೆ ಮಾತ್ರ ಈತನ ಹೊಟ್ಟೆಯಲ್ಲೂ ಏನೋ ಶುರುವಾಗುತ್ತದೆ.

"ಒಂದು ಬೆರಳಲ್ಲಿ ತೋರಿಸಿ ಯಜಮಾನ್ರೇ, ನೋವೆಲ್ಲಿ?"

ಯಜಮಾನರು ಎದೆಯಿಂದ ತೊಡೆಯವರೆಗೆ ಅಂಗೈ ಸವರುತ್ತಾರೆ.

"ಕುಡೀತೀರಾ?"

"ಛೆ ಛೆ, ಇಲ್ಲ ಸಾರ್."

ಹಿಂದೆ ನಿಂತ ಹೆಂಡತಿ ಸೆರಗಿನೊಳಗೆ ಕೆಮ್ಮುತ್ತಾಳೆ. ಈತ ಆ ಕೆಮ್ಮನ್ನೇ ನಂಬಿ ಕೇಸ್ ಶೀಟಿನಲ್ಲಿ 'ಪ್ಯಾಂಕ್ರಿಯಾಟೈಟಿಸ್?' ಎಂದು ಬರೆದುಕೊಳ್ಳುತ್ತಾನೆ. ಪ್ರಶ್ನಾರ್ಥಕ ಚಿಹ್ನೆ ಈತನ ಕುಲದೇವತೆ. ಅಷ್ಟರಲ್ಲಿ ಭಾವಮೈದ, "ಬರೀ ಗ್ಯಾಸ್ಟ್ರಿಕ್ಕು ಸಾರ್, ಒಂದು ಇಂಜೆಕ್ಷನ್ ಹಾಕಿಬಿಡಿ" ಎಂದು ತೀರ್ಪು ಕೊಟ್ಟಾಗಿರುತ್ತದೆ. ಅತ್ತೆಯ ಪ್ರಕಾರ ಹೊಕ್ಕಳು ಜಾರಿದೆ.

ಅಪೆಂಡಿಕ್ಸ್ ನೋವಿನ ಜಾಗವನ್ನು ಮ್ಯಾಕ್‌ಬರ್ನಿ ಎಂಬ ಅಮೆರಿಕದ ಸರ್ಜನ್ 1889ರಲ್ಲೇ ಹೇಳಿಟ್ಟಿದ್ದಾನೆ: ಸೊಂಟದ ಬಲಮೂಳೆಯ ಮುಂತುದಿಯಿಂದ ಹೊಕ್ಕಳಿನ ಕಡೆಗೆ, ಮೂರರಲ್ಲಿ ಒಂದು ಪಾಲು ದೂರ. ನಮ್ಮವನು ಅಲ್ಲಿ ಮೆಲ್ಲಗೆ ಒತ್ತಿ ತಟ್ಟನೆ ಕೈ ತೆಗೆಯುತ್ತಾನೆ. ಕಣ್ಣೆಲ್ಲ ರೋಗಿಯ ಮುಖದ ಮೇಲೆ. ಅಜ್ಜಿಯೊಬ್ಬಳು ಹಾಗೇ ಬೆಚ್ಚಿಬಿದ್ದಾಗ ಪುಸ್ತಕದ ಲಕ್ಷಣ ಸಿಕ್ಕಿತೆಂದು ಹಿಗ್ಗಿದ. "ಕೈ ಎಷ್ಟು ತಣ್ಣಗಿದೆ ಮಗಾ!" ಅಂದಳು ಅಜ್ಜಿ.

ರಾತ್ರಿ ಎರಡು ಗಂಟೆಗೆ ನಿಜವಾದ ಸಂಕಟ. ಗ್ಯಾಸಿಗೆಂದು ಮೇಲಿನ ಪಿಜಿ ಡಾಕ್ಟರನ್ನು ಎಬ್ಬಿಸಿದರೆ ಬೈಗುಳ, ತೂತು ಬಿದ್ದ ಕರುಳಿಗೆ ಎಬ್ಬಿಸದಿದ್ದರೆ ಹೆಣ. ಹಾಗಾಗಿ ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಹುಡುಕುತ್ತಾನೆ. ಹೃದಯಾಘಾತವೂ ಮೇಲ್ಹೊಟ್ಟೆಯ ನೋವಾಗಿ ಬರುತ್ತದೆಂದು ಹೊಟ್ಟೆಗೂ ಇಸಿಜಿ ಮಾಡಿಸುತ್ತಾನೆ. ಸೊಸೆಗೆ ಗರ್ಭಪರೀಕ್ಷೆ ಬರೆದಾಗ ಮನೆಯವರು ದುರುಗುಟ್ಟಿ ನೋಡುತ್ತಾರೆ. ಗರ್ಭಕೋಶದ ಹೊರಗೆ ನಿಂತ ಬಸಿರು ಒಡೆದರೆ ಜೀವಕ್ಕೇ ಕುತ್ತೆಂದು ಅವರಿಗೆ ಹೇಗೆ ಗೊತ್ತಾಗಬೇಕು! ಕೊನೆಗೆ ಫೋನ್ ಮಾಡುತ್ತಾನೆ, ಬೈಸಿಕೊಳ್ಳುತ್ತಾನೆ. ಬೈಗುಳಕ್ಕೆ ಹೆದರಿ ಫೋನ್ ಮಾಡದವನ ಕೈಗೆ ನನ್ನ ಹೊಟ್ಟೆಯನ್ನಂತೂ ಕೊಡಲಾರೆ.

ಇವನ ಬಳಿ ಹೋಗುವಾಗ ದಾರಿಯಲ್ಲಿ ಸೋಡಾ, ಎಳನೀರು ಕುಡಿಯಬೇಡಿ. ಆಪರೇಷನ್ ಬೇಕಾದೀತು, ಹೊಟ್ಟೆ ಖಾಲಿಯಿರಲಿ. ಬೇರೇನಾದರೂ ಕುಡಿದಿದ್ದರೆ, ಹೆಂಡತಿ ಕೆಮ್ಮುವ ಮೊದಲೇ ಹೇಳಿಬಿಡಿ.