ಸೆಕೆಂಡ್ ಹ್ಯಾಂಡ್ ಸಮುದ್ರ

ನನ್ನ ಹೆಂಡತಿ ಕುಮಟೆಯವಳು. ಹುಟ್ಟಿದಾಗಿನಿಂದ ಸಮುದ್ರವನ್ನು ಬಿಟ್ಟಿಯಾಗಿ ನೋಡುತ್ತ ಬೆಳೆದವಳು. ಬೆಂಗಳೂರಿನ ಬಾಡಿಗೆ ಮನೆಯ ಹಾಲಿನಲ್ಲಿ ದುಡ್ಡು ಕೊಟ್ಟು ಸಮುದ್ರ ಮಾಡಲು ಹೊರಟ ಗಂಡನನ್ನು ಕಂಡು, "ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಒರಿಜಿನಲ್ಲೇ ಸಿಗ್ತದಲ್ರೀ" ಎಂದಳು.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತ ಕೂತಾಗ ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಕ್ಲೌನ್ ಮೀನನ್ನು ನೋಡಿದ್ದೇ ನನಗೆ ಮುಳುವಾಯಿತು. ಅಂಥದೊಂದು ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಜೋಡಿಸಿದರೆ ಲಕ್ಷ ದಾಟುತ್ತದೆಂದು ಅಂಗಡಿಯವರು ಹೇಳಿದರು. ರಾಜಾಜಿನಗರದ ಒಬ್ಬ ಹುಡುಗ ಟ್ಯಾಂಕ್, ಸ್ಟ್ಯಾಂಡ್, ಪಂಪು, ಹೀಟರ್, ನೊರೆ ತೆಗೆಯುವ ಸ್ಕಿಮ್ಮರ್ ಎಲ್ಲ ಸೇರಿಸಿ 16 ಸಾವಿರಕ್ಕೆ ಕೊಡುತ್ತೇನೆಂದ. ತಳದ ಹವಳದ ಮರಳು ಫ್ರೀ. "ವರ್ಗಾವಣೆ ಆಯ್ತು, ಅದಕ್ಕೇ ಮಾರ್ತಿದೀನಿ. ಆರು ತಿಂಗಳೂ ಬಳಸಿಲ್ಲ ಸರ್" ಅಂದ. ಅಂಚುಗಳಲ್ಲಿ ಕಟ್ಟಿದ್ದ ಉಪ್ಪಿನ ಹಕ್ಕಳೆ ಬೇರೆಯೇ ಇತಿಹಾಸ ಹೇಳುತ್ತಿತ್ತು. ಹಳೇ ಕಾರಿನಲ್ಲಾದರೆ ಸುಳ್ಳು ಹೇಳಲಿಕ್ಕಾದರೂ ಒಂದು ಮೀಟರ್ ಇರುತ್ತದೆ. ಟ್ಯಾಂಕಿಗೆ ಅದೂ ಇಲ್ಲ. ಅಗ್ಗದ ಬಾಡಿಗೆಗೆ ಮನೆ ಸಿಕ್ಕಿತೆಂದರೆ ಹಿಂದಿನವರು ಯಾಕೆ ಬಿಟ್ಟರು ಎಂದು ಹತ್ತು ಜನರನ್ನು ವಿಚಾರಿಸುವ ನಾನು, ಅವತ್ತು ಇದರಲ್ಲಿದ್ದ ಮೀನುಗಳು ಎಲ್ಲಿ ಎಂದು ಒಂದು ಮಾತೂ ಕೇಳಲಿಲ್ಲ.

ಉಪ್ಪಿನ ವಿಷಯ ಬಂದಾಗ ಮಾವನವರು ಫೋನಿನಲ್ಲೇ, "ನಮ್ಮ ಸಾಣಿಕಟ್ಟೆ ಉಪ್ಪು ಒಂದು ಚೀಲ ಕಳಿಸ್ತೆ" ಎಂದು ಮುಂದೆ ಬಂದರು. ಪಾಪ, ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂನಂಥವು ಬಹುಪಾಲು ಗದ್ದೆಯ ಕಹಿನೀರಿನಲ್ಲೇ ಉಳಿದುಬಿಡುತ್ತವೆ. ಅವನ್ನೆಲ್ಲ ಮತ್ತೆ ಸೇರಿಸಿದ ಮಿಶ್ರಣವೇ ಬೇಕು ಎಂದು ವಿವರಿಸಿದೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ನನ್ನ 250 ಲೀಟರಿಗೆ ಸುಮಾರು 9 ಕೆಜಿ. "9 ಕೆಜಿ ಉಪ್ಪು!" ಎಂದರು ಅತ್ತೆ. ಅವರ ಕಣ್ಣ ಮುಂದೆ ಉಪ್ಪಿನಕಾಯಿ ಭರಣಿಗಳು ಸಾಲಾಗಿ ನಿಂತಿರಬೇಕು.

ಉಪ್ಪುನೀರು ತುಂಬಿದ ಮೇಲೆ ಆ ಟ್ಯಾಂಕಿನೊಳಗೆ ಕಾಲು ಟನ್ನಿಗಿಂತ ಹೆಚ್ಚು ಭಾರ. ಇಷ್ಟನ್ನೂ ಹಿಡಿದಿಟ್ಟಿರುವುದು ಬೆರಳಗಲವೂ ಇಲ್ಲದ ಸಿಲಿಕೋನ್ ಗೆರೆ. ಬಹಳ ದಿನ ಒಣಗಿ, ಮೇಲಿಂದ ಲಗೇಜ್ ಆಟೋದಲ್ಲಿ ಕುಲುಕಿದರೆ ಅದು ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ. ಬಲ್ಲವರು ಟ್ಯಾಂಕನ್ನು ಮೊದಲು ಹೊರಗೆ ಸಮತಟ್ಟಾದ ಜಾಗದಲ್ಲಿಟ್ಟು, ನಲ್ಲಿ ನೀರು ತುಂಬಿ ಎರಡು ಮೂರು ದಿನ ಕಾಯುತ್ತಾರಂತೆ. ನಾನು ಮುಹೂರ್ತ ನೋಡಿ ನೇರ ಹಾಲಿನಲ್ಲೇ ಸಮುದ್ರ ಕಲಸಿದೆ. ಮಾರನೆಯ ಬೆಳಿಗ್ಗೆ ಕೆಳಗಿನ ಮನೆಯ ಆಂಟಿ ಬಾಗಿಲು ತಟ್ಟಿ, "ನಮ್ಮ ಸೀಲಿಂಗಿಂದ ನೀರು ಸೋರ್ತಿದೆ. ಉಪ್ಪುಪ್ಪಾಗಿದೆ" ಅಂದರು. ಉಪ್ಪೆಂದು ಹೇಗೆ ತಿಳಿಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸಿಲಿಕೋನ್ ಕೆರೆದು ಹೊಸದು ಹಾಕಿಸಿದ್ದಾಯಿತು. ಮುಂದಿನ ಸರದಿ ಹೀಟರಿನದು. ಹಳೇ ಹೀಟರಿನ ಥರ್ಮೋಸ್ಟಾಟ್ ಅಂಟಿಕೊಂಡರೆ 26 ಡಿಗ್ರಿಗೆ ಆರಬೇಕಾದದ್ದು ಆರುವುದೇ ಇಲ್ಲ; ಬೆಳಗಾಗುವಷ್ಟರಲ್ಲಿ ಮೀನು ಸಾರಾಗಿರುತ್ತದೆ. ನನ್ನದಕ್ಕೆ ಆ ಚಟವಿರಲಿಲ್ಲ. ಗಾಜಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಅಷ್ಟೇ. ಉಪ್ಪುನೀರಿನಲ್ಲಿ ಕರೆಂಟು ಸರಾಗವಾಗಿ ಹರಿಯುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದು ಬರಿಗಾಲಲ್ಲಿ ನಿಂತು ನೀರಿಗೆ ಕೈ ಹಾಕಿದಾಗ ಮೊಣಕೈತನಕ ನೆನಪಾಯಿತು. ನಮ್ಮ ಬಾಡಿಗೆ ಮನೆಯ ಯಜಮಾನರು ಹಿಂದೆ ಯಾವಾಗಲೋ ಹಾಕಿಸಿದ್ದ, ಕರೆಂಟು ಸೋರಿದರೆ ಕಡಿದುಹಾಕುವ ಇಎಲ್‌ಸಿಬಿ ಟಪ್ಪೆಂದು ಬೀಳದಿದ್ದರೆ ಈ ಪ್ರಬಂಧವನ್ನು ಬೇರೆಯವರು ಬರೆಯಬೇಕಿತ್ತು, ಬೇರೆ ಧಾಟಿಯಲ್ಲಿ.

ಕಲ್ಲುಗಳನ್ನು ಇನ್ನೊಬ್ಬರಿಂದ ಕೊಂಡೆ. ಸಿಮೆಂಟಿನಲ್ಲಿ ಎರಕ ಹೊಯ್ದ ಕೃತಕ ಕಲ್ಲು. ಎರಡು ವರ್ಷ ಉಪ್ಪುನೀರಲ್ಲಿದ್ದು ಒಳ್ಳೆಯ ಬ್ಯಾಕ್ಟೀರಿಯಾ ಹಿಡಿದಿದೆಯೆಂದರು. ಜೊತೆಗೆ ಒಂದು ಜೀವಂತ ಹವಳವನ್ನೂ ಕೈಗಿಡಲು ಬಂದರು. ಬೇಡವೆಂದೆ. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ, ಹುಲಿ ಇರುವ ಅದೇ ಪಟ್ಟಿಯಲ್ಲಿ. ಈ ಇಡೀ ಪ್ರಕರಣದಲ್ಲಿ ನಾನು ತೋರಿದ ಬುದ್ಧಿವಂತಿಕೆ ಅದೊಂದೇ.

ಎರಡು ವಾರದಲ್ಲಿ ಕಲ್ಲಿನ ಸಂದಿಯಿಂದ ಪುಟ್ಟ ತಾಳೆಮರದಂಥ ಏನೋ ತಲೆಯೆತ್ತಿತು. ಹೂವೆಂದು ಹಿಗ್ಗಿದೆ. ಅದು ಐಪ್ಟೇಸಿಯಾ, ಮುಟ್ಟಿದ್ದನ್ನೆಲ್ಲ ಕುಟುಕುವ ಕಳೆ. ಚಿಮಟದಲ್ಲಿ ಕಿತ್ತೆ. ಕಿತ್ತಾಗ ಉಳಿದ ಒಂದೊಂದು ಚೂರೂ ಒಂದೊಂದು ಹೊಸ ಐಪ್ಟೇಸಿಯಾ ಆಯಿತು. ರಕ್ತಬೀಜಾಸುರನನ್ನು ಕೊಂದ ದೇವಿಗಾದರೂ ನೆಲಕ್ಕೆ ಬೀಳುವ ರಕ್ತ ಕುಡಿಯಲು ಕಾಳಿ ಇದ್ದಳು. ನನ್ನ ಪಾಲಿನ ಕಾಳಿ ಪೆಪ್ಪರ್‌ಮಿಂಟ್ ಸೀಗಡಿ, ಅದು ಇದನ್ನು ತಿನ್ನುತ್ತದೆ ಎಂದು ತಿಳಿದು ನಾಲ್ಕು ತಂದೆ. "ಈ ದುಡ್ಡಿಗೆ ನಮ್ಮೂರಲ್ಲಿ ಒಂದು ಬುಟ್ಟಿ ಶೆಟ್ಲಿ ಬರ್ತಿತ್ತು" ಎಂದಳು ಹೆಂಡತಿ. ಮರುದಿನ ನಾಲ್ಕೂ ಅಂಗಾತ ಬಿದ್ದಿದ್ದವು. ರಕ್ತಬೀಜನಿಗೆ ಏನೂ ಆಗಿರಲಿಲ್ಲ. ಅಮೋನಿಯಾ ನೋಡಿದೆ, ಉಪ್ಪಿನಂಶ ನೋಡಿದೆ, ಎಲ್ಲ ಸರಿಯಿತ್ತು. ಇನ್ನೂ ನಾಲ್ಕು ತಂದೆ. ಅವೂ ಹೋದವು.

ಮದುವೆಯೊಂದಕ್ಕೆ ಬಂದ ಮಾವನವರು ಸ್ಟ್ಯಾಂಡಿನ ಕೆಳಗೆ ಇಣುಕಿ, ಪಂಪಿನ ಹಿಂದಿನಿಂದ ಒಂದು ಬಾಟಲಿ ಎಳೆದು ತೆಗೆದರು. ತಳದಲ್ಲಿ ನವಿಲುಬಣ್ಣದ ದ್ರಾವಣ ಒಂದಿಷ್ಟು ಉಳಿದಿತ್ತು. ಬೆಳಕಿಗೆ ಹಿಡಿದು ನೋಡಿದವರೇ, "ಇದು ಮೈಲುತುತ್ತ ಅಲ್ವಾ ಅಳಿಯಂದಿರೇ?" ಎಂದರು.

ಕೊಳೆ ರೋಗಕ್ಕೆಂದು ಮಳೆಗಾಲದಲ್ಲಿ ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಅದೇ ಮೈಲುತುತ್ತ! 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಎಂದು ನಿದ್ದೆಯಲ್ಲೂ ಹೇಳುವ ಮನುಷ್ಯ ಅವರು. ಮೈಲುತುತ್ತದಲ್ಲಿರುವುದು ತಾಮ್ರ; ಕಡಲಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ಅದೇ ಹಳೆಯ ಮದ್ದು. ಲೀಟರಿಗೆ 0.2 ಮಿಲಿಗ್ರಾಂನಷ್ಟರಲ್ಲಿ ಮೀನು ಬದುಕುತ್ತದೆ, ಸೀಗಡಿ, ಬಸವನಹುಳುಗಳು ಬದುಕುವುದಿಲ್ಲ. ಹವಳದ ಮರಳು ಆ ತಾಮ್ರವನ್ನು ಹೀರಿಟ್ಟುಕೊಂಡು ಮುಂದೆಂದೋ ನಿಧಾನವಾಗಿ ನೀರಿಗೆ ಬಿಡುತ್ತದೆ. ನನಗೆ ಫ್ರೀ ಸಿಕ್ಕಿದ್ದು ಆ ಮರಳು.

"ಹಾಂಗಾರೆ ಆ ಹುಡುಗನ ಮೀನೆಲ್ಲ ಏನಾದ್ವು?" ಎಂದರು ಮಾವ.

ಮರಳೆಲ್ಲ ಎಸೆದು, ಟ್ಯಾಂಕು ತೊಳೆದು, ನೀರು ಬದಲಿಸಿ, ಕಡೆಗೂ ಎರಡು ಕ್ಲೌನ್ ಮೀನು ಬಿಟ್ಟೆ. ಖರ್ಚಿನ ಲೆಕ್ಕ ಹೆಂಡತಿಯ ಬಳಿ ಇದೆ, ನಾನು ನೋಡಿಲ್ಲ.

ಕಳೆದ ವಾರ ರಾಜಾಜಿನಗರದ ಹುಡುಗನ ಫೋನು ಬಂತು. ವರ್ಗಾವಣೆ ರದ್ದಾಯಿತಂತೆ, ಮತ್ತೆ ಮೀನಿನ ಹುಚ್ಚು ಹತ್ತಿದೆಯಂತೆ. "ಆ ಟ್ಯಾಂಕ್ ಕೊಡ್ತೀರಾ ಸರ್? ಸೆಕೆಂಡ್ ಹ್ಯಾಂಡ್ ಅಲ್ವಾ, 8 ಸಾವಿರ ಕೊಡ್ತೀನಿ" ಅಂದ. ನಾನು ಉತ್ತರಕ್ಕೆ ತಡಕಾಡುತ್ತಿರುವಾಗಲೇ ದನಿ ತಗ್ಗಿಸಿ ಕೇಳಿದ:

"ಕಾಪರ್ ಗೀಪರ್ ಏನೂ ಹಾಕಿಲ್ಲ ತಾನೇ ಸರ್?"

ಕೊಡಲಿಲ್ಲ.