ಕೇಸರಿಬಾತಿನ ನೆತ್ತಿಯ ಮೇಲೆ

ಕೇಸರಿಬಾತಿನ ಮೇಲೆ ಬಹುಕಾಲದಿಂದ ಕೂತಿರುವ ಪದಾರ್ಥಗಳು ಎರಡು: ತುಪ್ಪದಲ್ಲಿ ಹುರಿದ ಗೋಡಂಬಿ, ತುಪ್ಪದಲ್ಲೇ ಉಬ್ಬಿದ ಒಣದ್ರಾಕ್ಷಿ. ಮನೆಯಲ್ಲಿ ಮಾಡಿದರೆ ಇವು ಬಾತಿನ ಉದ್ದಗಲಕ್ಕೂ ಹರಡಿರುತ್ತವೆ. ಹೋಟೆಲಿನಲ್ಲಿ ಬಟ್ಟಲು ಬೋರಲು ಹಾಕಿ ತೆಗೆದ ಗುಮ್ಮಟದ ತುದಿಗೆ ಒಂದೇ ಗೋಡಂಬಿ, ಅದೂ ಅರ್ಧ, ನೆಟ್ಟಿರುತ್ತದೆ. ಮದುವೆಮನೆಯಲ್ಲಿ ಅನಾನಸ್ ಚೂರು ಸೇರಿಕೊಳ್ಳುತ್ತದೆ. ಈ ವ್ಯವಸ್ಥೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರು ಹುಟ್ಟುವುದು ನಲವತ್ತು ದಾಟಿದ ಗೃಹಸ್ಥನ ಕೈಗೆ ರಕ್ತಪರೀಕ್ಷೆಯ ವರದಿ ಬಂದ ದಿನ. ವರದಿಯಲ್ಲಿ ಕೆಲವು ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಕಂಡ ಗೃಹಸ್ಥನ ಮುಂದೆ ಎರಡು ದಾರಿಗಳಿರುತ್ತವೆ: ಕೇಸರಿಬಾತನ್ನು ಬಿಡುವುದು, ಇಲ್ಲವೇ ಅದರ ಮೇಲೆ ಆರೋಗ್ಯಕರವಾದದ್ದೇನನ್ನಾದರೂ ಉದುರಿಸಿಕೊಂಡು ತಿನ್ನುವುದು. ಮೊದಲನೆಯ ದಾರಿ ಹಿಡಿದವರು ಪ್ರಬಂಧಕ್ಕೆ ಸಿಗುವುದಿಲ್ಲ.

ಮೇಲಿನದನ್ನು ವಿಚಾರಿಸುವ ಮುಂಚೆ ಕೆಳಗೇನಿದೆ ಎಂದು ನೋಡಬೇಕು. ಒಂದು ಲೋಟ ರವೆಗೆ ಒಂದೂವರೆ ಲೋಟ ಸಕ್ಕರೆ ಸಾಧಾರಣ ಅಳತೆ. ಎರಡು ಲೋಟ ಹಾಕುವ ಧಾರಾಳಿಗಳೂ ಉಂಟು. ತುಪ್ಪವನ್ನು ಅರ್ಧ ಲೋಟದಿಂದ ಶುರುಮಾಡುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಮಾಡುವವರ ಮನಸ್ಸಿಗೆ ಬಿಟ್ಟದ್ದು. ಸಕ್ಕರೆ ಗ್ರಾಮಿಗೆ 4 ಕ್ಯಾಲರಿ, ತುಪ್ಪ ಗ್ರಾಮಿಗೆ 9. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ದಿನದ ಒಟ್ಟು ಕ್ಯಾಲರಿಯಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ, ಎಂದರೆ ಸುಮಾರು 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ಒಂದೂವರೆ ಲೋಟದ ಅಳತೆಯಲ್ಲಿ ಮಾಡಿದ ಬಾತನ್ನು ನೂರು ಗ್ರಾಮಿನಷ್ಟು ತಿಂದರೆ ಆ 25 ಗ್ರಾಂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಆಗಿನ್ನೂ ಕಾಫಿ ಬಂದಿರುವುದಿಲ್ಲ.

ಬಣ್ಣದ ಮಾತನ್ನು ಇಲ್ಲೇ ಮುಗಿಸಿಬಿಡಬಹುದು. ಹೆಸರಿನಲ್ಲಿರುವ ಕೇಸರಿ ಬಹಳ ಕಡೆ ಹೆಸರಿನಲ್ಲಷ್ಟೇ ಇರುತ್ತದೆ, ತಟ್ಟೆಯಲ್ಲಿರುವುದು ಕೃತಕ ಬಣ್ಣ. 2024ರಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿತು. ಮನೆಯಲ್ಲಿ ಚಿಟಿಕೆ ಅರಿಸಿನ ಹಾಕಿ ಮಾಡಿದ ಬಾತು ನೋಡಲು ಹೋಟೆಲಿನದರ ಮುಂದೆ ನಿಲ್ಲುವುದಿಲ್ಲ, ತಿನ್ನಲು ನಿಲ್ಲುತ್ತದೆ.

ಸುಧಾರಣೆ ಸಾಮಾನ್ಯವಾಗಿ ಗೋಡಂಬಿಯಿಂದ ಆರಂಭವಾಗುತ್ತದೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗಿಡ ಇದು. ಕರಾವಳಿಯ ಗುಡ್ಡಗಳಿಗೆ ಎಷ್ಟು ಒಗ್ಗಿಕೊಂಡಿತೆಂದರೆ ಪುತ್ತೂರಿನಲ್ಲಿ ಗೇರು ಸಂಶೋಧನೆಗೇ ಒಂದು ಕೇಂದ್ರ ಸಂಸ್ಥೆ ನಡೆಯುತ್ತಿದೆ. ಗೃಹಸ್ಥನು ಗೋಡಂಬಿಯನ್ನು ಕೊಬ್ಬಿನ ಮುದ್ದೆಯೆಂದು ತೀರ್ಮಾನಿಸಿ ಆ ಜಾಗಕ್ಕೆ ಬಾದಾಮಿ ತರುತ್ತಾನೆ. ನೂರು ಗ್ರಾಮಿನ ಲೆಕ್ಕದಲ್ಲಿ ಎರಡೂ 550ರಿಂದ 600 ಕ್ಯಾಲರಿಯ ಆಸುಪಾಸಿನಲ್ಲೇ ಇವೆ. ನಾರಿನಲ್ಲಿ ಮಾತ್ರ ಬಾದಾಮಿ ಮುಂದು: ಅದರಲ್ಲಿ ಸುಮಾರು 12 ಗ್ರಾಂ, ಗೋಡಂಬಿಯಲ್ಲಿ 3. ಆದರೆ ಗುಮ್ಮಟದ ಮೇಲಿರುವುದು ನೂರು ಗ್ರಾಮಲ್ಲ. ಅರ್ಧ ಗೋಡಂಬಿ ತೆಗೆದು ಅರ್ಧ ಬಾದಾಮಿ ಇಟ್ಟರೆ ಆಗುವ ಲಾಭವನ್ನು ಅಳೆಯಲು ಅಕ್ಕಸಾಲಿಗನ ತಕ್ಕಡಿಯೇ ಬೇಕು. ಅಕ್ರೋಟ್ ಸ್ವಲ್ಪ ವಾಸಿ. ಅದರಲ್ಲಿ ಒಮೆಗಾ-3 ಕೊಬ್ಬು ಇದೆ, ಸಿಪ್ಪೆಯ ಸಣ್ಣ ಒಗರು ಸಿಹಿಗೆ ಎದುರು ನಿಂತು ಎರಡನೆಯ ಸಲ ಬಡಿಸಿಕೊಳ್ಳುವ ಆಸೆಯನ್ನು ಕೊಂಚ ತಗ್ಗಿಸುತ್ತದೆ. ಯಾವುದನ್ನೇ ಆಗಲಿ ತುಪ್ಪದಲ್ಲಿ ತೇಲಿಸದೆ ಬರಿಯ ಬಾಣಲೆಯಲ್ಲಿ ಹುರಿಯುವುದು ಒಳ್ಳೆಯದು. ಒಣದ್ರಾಕ್ಷಿಯ ಮೇಲೆ ವಿಜಯಪುರದವರಿಗೆ ಇರುವ ಅಭಿಮಾನವನ್ನು ಗೌರವಿಸುತ್ತಲೇ ಹೇಳಬೇಕಾದ ಮಾತೆಂದರೆ, ದ್ರಾಕ್ಷಿಯಿಂದ ನೀರು ಹೋದರೂ ಸಕ್ಕರೆ ಹೋಗುವುದಿಲ್ಲ. ನೂರು ಗ್ರಾಂ ಒಣದ್ರಾಕ್ಷಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ.

ಜೇನುತುಪ್ಪ, ಬೆಲ್ಲದ ಪಾಕಗಳನ್ನು ಮೇಲಿನಿಂದ ಸುರಿಯಿರಿ ಎನ್ನುವವರೊಂದು ಪಂಗಡವಿದೆ. ಇವರು ಪ್ರತಿ ಕುಟುಂಬದಲ್ಲೂ ಒಬ್ಬರಾದರೂ ಇರುತ್ತಾರೆ. ಬೆಳಗ್ಗೆ ಆರಕ್ಕೇ ವಾಟ್ಸ್ಆ್ಯಪ್‌ನಲ್ಲಿ ಎಚ್ಚರವಾಗಿರುತ್ತಾರೆ. “ಸಕ್ಕರೆ ವಿಷ, ಬೆಲ್ಲ ಅಮೃತ” ಎಂಬುದು ಅವರ ಸಂದೇಶ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಒಂದಿಷ್ಟು ಖನಿಜ ಇರುವುದು ನಿಜ. ಉಳಿದದ್ದು ಬಹುಪಾಲು ಅದೇ ಕಬ್ಬಿನ ಅದೇ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಜೇನುತುಪ್ಪವನ್ನೂ ಸೇರಿಸಿದ ಸಕ್ಕರೆಯ ಲೆಕ್ಕಕ್ಕೇ ಹಾಕುತ್ತದೆ. ಸಿಹಿಯ ಮೇಲೆ ಸಿಹಿ ಸುರಿದು ಅದನ್ನು ಪಥ್ಯ ಎಂದು ಕರೆಯಲು ಅಸಾಧಾರಣ ಧೈರ್ಯ ಬೇಕು, ಈ ಪಂಗಡಕ್ಕೆ ಅದರ ಕೊರತೆಯಿಲ್ಲ.

ಬೀಜಗಳ ಅಧ್ಯಾಯ ದೊಡ್ಡದು. ಅಗಸೆ, ಚಿಯಾ, ಸಿಹಿಗುಂಬಳದ ಬೀಜ, ಸೂರ್ಯಕಾಂತಿ ಬೀಜ ಇವಿಷ್ಟನ್ನು ಬೆರೆಸಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಹೃದಯಕ್ಕೆ ಒಳ್ಳೆಯದೆಂದು ಅದರ ಮುಂಭಾಗದಲ್ಲಿ ಬರೆದಿರುತ್ತದೆ, ಹೃದಯಕ್ಕೆ ಕೆಟ್ಟದ್ದಾದ ಬೆಲೆ ಹಿಂಭಾಗದಲ್ಲಿರುತ್ತದೆ. ಅಗಸೆ ಉತ್ತರ ಕರ್ನಾಟಕಕ್ಕೆ ಹೊಸದೇನಲ್ಲ. ಅಲ್ಲಿ ಅದನ್ನು ಹುರಿದು, ಕುಟ್ಟಿ, ಚಟ್ನಿಪುಡಿ ಮಾಡಿ ರೊಟ್ಟಿಯ ಜೊತೆ ತಿನ್ನುತ್ತಾರೆ. ಕುಟ್ಟುವುದಕ್ಕೆ ಕಾರಣವಿದೆ: ಇಡೀ ಬೀಜದ ಸಿಪ್ಪೆ ನಯ ಮತ್ತು ಗಟ್ಟಿ, ಅಗಿಯದೆ ನುಂಗಿದರೆ ಬಂದ ಹಾಗೇ ಹೊರಟುಹೋಗುತ್ತದೆ. ಚಿಯಾ ಮೂಲತಃ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯದು. ತನ್ನ ತೂಕದ ಹತ್ತು ಪಟ್ಟು ನೀರು ಹೀರಿ ಲೋಳೆಯಾಗುತ್ತದೆ, ಆದ್ದರಿಂದ ನೆನೆಸಿ ತಿನ್ನಬೇಕು. ಗೃಹಸ್ಥನು ಕುಟ್ಟುವುದೂ ಇಲ್ಲ, ನೆನೆಸುವುದೂ ಇಲ್ಲ. ಮಾತ್ರೆಯ ಹಳೆಯ ಡಬ್ಬಿಯೊಂದಕ್ಕೆ ಇಡಿಯಾಗಿ ತುಂಬಿ, ಜೇಬಿನಲ್ಲಿಟ್ಟುಕೊಂಡು ದರ್ಶಿನಿಗೆ ಹೊರಡುತ್ತಾನೆ.

ದರ್ಶಿನಿಯಲ್ಲಿ ನಿಂತು ತಿನ್ನಬೇಕು, ಎತ್ತರದ ಗುಂಡುಮೇಜನ್ನು ಅಪರಿಚಿತರೊಡನೆ ಹಂಚಿಕೊಳ್ಳಬೇಕು. ಚೌ ಚೌ ಬಾತಿನ ತಟ್ಟೆಯಲ್ಲಿ ಒಂದು ಗುಮ್ಮಟ ಖಾರಾಬಾತ್, ಒಂದು ಗುಮ್ಮಟ ಕೇಸರಿಬಾತ್, ನಡುವೆ ಚಟ್ನಿ. ಕೇಸರಿಬಾತಿನ ಗುಮ್ಮಟ ಬಿಸಿಯಾಗಿರುತ್ತದೆ, ಮೈತುಂಬ ತುಪ್ಪ ಹೊಳೆಯುತ್ತಿರುತ್ತದೆ. ಗೃಹಸ್ಥನು ಅರ್ಧ ತಿಂದ ಮೇಲೆ ಆರೋಗ್ಯದ ನೆನಪಾಗಿ ಡಬ್ಬಿ ತೆಗೆದು ಉಳಿದರ್ಧದ ಮೇಲೆ ಬೀಜ ಉದುರಿಸುತ್ತಾನೆ. ಇಲ್ಲಿಂದ ಮುಂದಿನದು ಭೌತಶಾಸ್ತ್ರಕ್ಕೆ ಸೇರಿದ್ದು. ಚಿಯಾ ಸಣ್ಣದು, ಬಿದ್ದಲ್ಲೇ ಅಂಟಿಕೊಂಡು ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ. ಅಗಸೆ ನಿಲ್ಲುವುದಿಲ್ಲ. ತುಪ್ಪದ ಇಳಿಜಾರಿನಲ್ಲಿ ಮೊದಲು ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲುಸಾಲಾಗಿ, ಅವಸರವಿಲ್ಲದೆ ಜಾರತೊಡಗುತ್ತವೆ. ಕುಂಬಳದ ಬೀಜ ಅಡ್ಡ ಬಿದ್ದು ಸ್ವಲ್ಪ ಹೊತ್ತು ಅಣೆಕಟ್ಟು ಹಾಕುತ್ತದೆ, ಬಳಿಕ ತಾನೂ ಹೊರಡುತ್ತದೆ. ಇವೆಲ್ಲ ಸೇರುವುದು ಖಾರಾಬಾತಿನ ಪಾದವನ್ನು. ಹೀಗೆ ಸುಧಾರಣೆ ಬೇಕಿಲ್ಲದ ಬಾತು ಸುಧಾರಿಸುತ್ತದೆ. ಗೃಹಸ್ಥನು ಚಮಚದಿಂದ ಬೀಜಗಳನ್ನು ಮತ್ತೆ ಮೇಲಕ್ಕೆ ತಳ್ಳುತ್ತಾನೆ, ಅವು ಮತ್ತೆ ಇಳಿಯುತ್ತವೆ.

ಎದುರಿಗೆ ಇಡ್ಲಿ ತಿನ್ನುತ್ತಿರುವವರು ಇದನ್ನು ಕೆಲಕಾಲ ಸಂಕೋಚದಿಂದ ಗಮನಿಸುತ್ತಾರೆ.

“ಸಾರ್, ನಿಮ್ ಪ್ಲೇಟಲ್ಲಿ ಇರುವೆ ಇದೆ.”

“ಇರುವೆ ಅಲ್ಲ ಸಾರ್, ಬೀಜ.”

“ಓಡಾಡ್ತಾ ಇದೆಯಲ್ಲ ಸಾರ್.”

“ಓಡಾಡ್ತಿಲ್ಲ, ಜಾರ್ತಿದೆ.”

ಇಷ್ಟರಲ್ಲಿ ಪಕ್ಕದಲ್ಲಿ ವಡೆ ತಿನ್ನುತ್ತಿರುವವರು ತಮ್ಮ ಸಾಂಬಾರನ್ನು ಚಮಚದಿಂದ ಕಲಕಿ ಪರೀಕ್ಷಿಸುತ್ತಾರೆ. ಮತ್ತೊಬ್ಬರು “ರೀ, ಇಲ್ಲಿ ಸ್ವಲ್ಪ ಬನ್ರೀ, ಏನಿದು” ಎಂದು ಕೌಂಟರಿನತ್ತ ಕೂಗುತ್ತಾರೆ. ಮೇಜು ಒರೆಸುವ ಹುಡುಗ ಬಂದು ನೋಡಿ, ಏನೂ ಹೇಳದೆ ಹೋಗಿ, ಮ್ಯಾನೇಜರನ್ನು ಕರೆತರುತ್ತಾನೆ. ಮ್ಯಾನೇಜರು ಅನುಭವಸ್ಥರು. ಚರ್ಚೆಗೆ ನಿಲ್ಲದೆ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಅಷ್ಟೇ ವೇಗದಲ್ಲಿ ಹೊಸ ತಟ್ಟೆ ತಂದಿಡುತ್ತಾರೆ: ಗುಮ್ಮಟ ಮೊದಲಿನದಕ್ಕಿಂತ ದೊಡ್ಡದು, ಗೋಡಂಬಿ ಅರ್ಧದ ಬದಲು ಇಡಿಯವು ನಾಲ್ಕು, ಮೇಲೊಂದು ಚಮಚ ತುಪ್ಪ. “ಸಾರಿ ಸಾರ್. ಮನಸ್ಸಿಗೆ ಹಚ್ಕೋಬೇಡಿ.” ಈಗ ಗೃಹಸ್ಥನು ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು, ಇಡೀ ಮೇಜಿನ ಮುಂದೆ, ಆ ಬೀಜ ತನ್ನದೇ ಎಂದು ಹೇಳಬೇಕು, ಇಲ್ಲವೇ ತಿನ್ನಬೇಕು. ಇಂಥ ಸಂದರ್ಭಕ್ಕೆ ಆಹಾರಶಾಸ್ತ್ರದಲ್ಲಿ ಮಾರ್ಗದರ್ಶನವಿಲ್ಲ. ಗೃಹಸ್ಥನನ್ನು ಕನ್ನಡಿಯಷ್ಟು ಹತ್ತಿರದಿಂದ ಬಲ್ಲವರ ಪ್ರಕಾರ ಅವನು ತಿನ್ನುತ್ತಾನೆ, ಮತ್ತು ಅದು ಬಹಳ ಚೆನ್ನಾಗಿರುತ್ತದೆ.

ಹಣ್ಣಿನ ವಿಷಯ ಇಷ್ಟು ರಂಜಕವಲ್ಲ, ಕೆಲಸಕ್ಕೆ ಬರುವುದು ಮಾತ್ರ ಅದೇ. ಇಡೀ ಹಣ್ಣಿನ ಸಕ್ಕರೆ ನಾರಿನ ಜೊತೆ, ನೀರಿನ ಜೊತೆ ಬರುತ್ತದೆ. ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ. ದಾಳಿಂಬೆ ಇವುಗಳಲ್ಲಿ ಶ್ರೇಷ್ಠ: ಕಾಳು ಅಗಿಯಬೇಕು, ಅಗಿದಾಗ ಸಣ್ಣ ಹುಳಿ ಸಿಗುತ್ತದೆ, ಕೇಸರಿ ಬಣ್ಣದ ಮೇಲೆ ಕೆಂಪು ಚೆನ್ನಾಗಿ ಒಪ್ಪುತ್ತದೆ. ಅನಾನಸ್ಸನ್ನು ಸಕ್ಕರೆ ಪಾಕದಲ್ಲಿ ಬೇಯಿಸದೆ ಹಸಿಯಾಗಿಯೇ ಹಾಕಬೇಕು. ಬಾಳೆಹಣ್ಣು ರುಚಿಗೆ ಸರಿ, ಆದರೆ ಅದು ಸಿಹಿಯ ಪಕ್ಷವನ್ನೇ ವಹಿಸುತ್ತದೆ. ಗಟ್ಟಿ ಮೊಸರು ಒಂದು ಚಮಚ ಹಾಕಿಕೊಂಡರೆ ಪ್ರೋಟೀನೂ ಹುಳಿಯೂ ಬರುತ್ತವೆ, “ಕೇಸರಿಬಾತಿಗೆ ಮೊಸರಾ?” ಎಂದು ಅಡುಗೆಮನೆಯಿಂದ ಬರುವ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಂಡವರು ಮಾತ್ರ ಹಾಕಿಕೊಳ್ಳಬೇಕು.

ಈ ಎಲ್ಲದರ ಹಿಂದೆ ನಗುವಂತಿಲ್ಲದ ಒಂದು ಸಂಗತಿಯಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಅವರಲ್ಲಿ ಒಬ್ಬರು ಬಹುತೇಕ ಪ್ರತಿ ಮನೆಯ ಹಬ್ಬದ ಪಂಕ್ತಿಯಲ್ಲೂ ಕೂತಿರುತ್ತಾರೆ. “ಮಾವ, ನಿಮಗೆ ಅಂತ ಬರೀ ದ್ರಾಕ್ಷಿ ಗೋಡಂಬಿ ಆರಿಸಿಟ್ಟಿದೀನಿ” ಎಂದು ಪ್ರೀತಿಯಿಂದಲೇ ಅವರ ಎಲೆಗೆ ಮೇಲಿನದನ್ನಷ್ಟೇ ಬಡಿಸುತ್ತಾರೆ. ಸಾಲಿನವರೆಲ್ಲ ಆ ಎಲೆಯನ್ನೊಮ್ಮೆ ನೋಡುತ್ತಾರೆ. ಮಾವ ಏನೂ ಮಾತಾಡದೆ ದ್ರಾಕ್ಷಿಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ. ವೈದ್ಯರ ಒಪ್ಪಿಗೆ ಇದ್ದಲ್ಲಿ, ಪಲ್ಯ ಕೋಸಂಬರಿ ತಿಂದಾದ ಮೇಲೆ, ಎರಡು ಚಮಚ ಬಾತನ್ನೇ ಬಡಿಸುವುದು ಈ ಸತ್ಕಾರಕ್ಕಿಂತ ಮೇಲು. ದ್ರಾಕ್ಷಿಯ ಸಕ್ಕರೆಯ ಲೆಕ್ಕವನ್ನು ಮೇಲೆ ಹೇಳಿಯಾಗಿದೆ.

ಮೇಲೆ ಹಾಕಿದ ಯಾವ ಪದಾರ್ಥವೂ ಕೆಳಗಿನದನ್ನು ಕಳೆಯುವುದಿಲ್ಲ, ಕೂಡಿಸುತ್ತದೆ ಅಷ್ಟೇ. ಬಾದಾಮಿಯಾಗಲಿ ದಾಳಿಂಬೆಯಾಗಲಿ ಉಪಕಾರ ಮಾಡುವುದು ಬಾತಿನ ಒಂದು ಪಾಲನ್ನು ತಟ್ಟೆಯಿಂದ ಹೊರಗೆ ತಳ್ಳಿ ಆ ಜಾಗದಲ್ಲಿ ತಾನು ಕೂತಾಗ. ಮನೆಯಲ್ಲಿ ಇದಕ್ಕೆ ಸಣ್ಣ ಬಟ್ಟಲು ಸಾಕು: ಅರ್ಧ ಬಾತು, ಅರ್ಧ ಹಣ್ಣು, ಮೇಲೆ ಹುರಿದು ಕುಟ್ಟಿದ ಅಕ್ರೋಟ್. ಹೋಟೆಲಿನವರು ದಾಳಿಂಬೆ ಬಿಡಿಸಿಕೊಡುವುದಿಲ್ಲ. ಆದರೆ ಕಾಫಿಯ ಹಾಗೆ ಕೇಸರಿಬಾತನ್ನೂ ಬೈ ಟೂ ಕೇಳಬಹುದು, ಕೇಳಿದರೆ ಎರಡು ಚಮಚ ಕೊಡುತ್ತಾರೆ. ಜೊತೆಗೊಬ್ಬ ಸ್ನೇಹಿತ ಸಿಕ್ಕವರು ಬೀಜದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗಬಹುದು.