ಅರ್ಧ ಚಹಾದ ಗಣಿತ

ಲೆಕ್ಕ ಅಂದ ಮೇಲೆ ಬಿಡಿಸಬೇಕು, ಉತ್ತರ ಬರೆಯಬೇಕು. ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನವರು ಈ ಹಳೇ ಪದ್ಧತಿಯನ್ನೂ ಕೆಡಿಸಿಟ್ಟಿದ್ದಾರೆ. 'ಡೇಟಾ ಸಫಿಶಿಯನ್ಸಿ' ಅಂತ ಅವರದೊಂದು ಜಾತಿಯ ಲೆಕ್ಕ. ಮೇಲೊಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಉತ್ತರ ಎಷ್ಟು ಅಂತ ಕೇಳುವುದೇ ಇಲ್ಲ. ಉತ್ತರ ಹೇಳಲು ಇಷ್ಟು ಮಾಹಿತಿ ಸಾಕೋ ಇಲ್ಲವೋ, ಅಷ್ಟು ಹೇಳಿದರೆ ಮುಗಿಯಿತು. ಮೊದಲನೆಯದೊಂದೇ ಸಾಕು, ಎರಡನೆಯದೊಂದೇ ಸಾಕು, ಎರಡೂ ಕೂಡಿದರೆ ಸಾಕು, ಯಾವುದಾದರೊಂದು ಸಾಕು, ಎರಡೂ ಕೂಡಿದರೂ ಸಾಲದು: ಇವೇ ಐದು ದಾರಿ. ಯುಪಿಎಸ್‌ಸಿಯ ಸಿಸ್ಯಾಟ್ ಪಠ್ಯಕ್ರಮದಲ್ಲೂ ಇದು ಬಂದು ಕೂತಿದೆ.

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆಯವರಿಗೆ ಇದು ಒಗ್ಗುವುದು ಕಷ್ಟ. ಮಾಹಿತಿ ಸಾಲದೆಂದು ಇಲ್ಲಿ ಯಾರೂ ಬಾಯಿ ಮುಚ್ಚಿಕೊಂಡು ಕೂತವರಲ್ಲ. ಬಸ್ಸು ಎಷ್ಟಕ್ಕೆ ಅಂದರೆ, ದಾರಿ ಕಡೆ ತಿರುಗಿಯೂ ನೋಡದೆ "ಬಂತ್ ನೋಡ್ರಿ" ಅನ್ನುತ್ತಾರೆ. ವರನಿಗೆ ಎಂಟೆಕರೆ ಹೊಲ ಇದೆ, ಬಾವಿ ಇದೆ ಅಂದರೆ ಎರಡೂ ಕೂಡಿಸಿ 'ಸಾಕು' ಅಂದುಬಿಡುತ್ತಾನೆ ಹೆಣ್ಣಿನ ಅಪ್ಪ. ಮೂಲೆಯಲ್ಲಿ ಕೂತ ಅಜ್ಜಿ ಮಾತ್ರ "ಬಾವ್ಯಾಗ ನೀರು ಎಷ್ಟ್ ತಿಂಗಳ ಇರ್ತದ?" ಅಂತ ಕೇಳುತ್ತಾಳೆ. 2016ರಲ್ಲಿ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ತರಿಸಿದ ಸೀಮೆ ಇದು. ಜಿಮ್ಯಾಟಿಗೆ ಕಳಿಸಬೇಕಾದವಳು ಅಜ್ಜಿ.

ಅಜ್ಜಿಯ ಬದಲು ಅಣ್ಣನ ಮಗ ಕೂತಿದ್ದಾನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಇಂಗ್ಲಿಷ್, ಗೊಣಗಾಟ ಮೂರರಲ್ಲೂ. ಉಮರ್ಗಾ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅವನಿಗೊಂದು ಲೆಕ್ಕ ಕಟ್ಟಿಕೊಟ್ಟೆ. ಚಹಾ 10 ರೂಪಾಯಿ, ಭಜಿ ಪ್ಲೇಟಿಗೆ 15. ಗಿರಾಕಿ ಎಷ್ಟು ಚಹಾ ಕುಡಿದ? ಹೇಳಿಕೆ ಒಂದು: ಬಿಲ್ಲು 35 ಆಯಿತು. ಹೇಳಿಕೆ ಎರಡು: ಭಜಿ ಒಂದೇ ಪ್ಲೇಟು. "ಎರಡೂ ಬೇಕು ಕಾಕಾ" ಅಂದ. ಎಲ್ಲರೂ ಬೀಳುವ ಹಳ್ಳ ಇದೇ. ಭಜಿ ಇಲ್ಲದೆ ಬರೀ ಚಹಾದಲ್ಲಿ 35 ಆಗದು, ಎರಡು ಪ್ಲೇಟಾದರೆ ಉಳಿಯುವುದು 5. ಆದ್ದರಿಂದ ಒಂದು ಪ್ಲೇಟು, ಎರಡು ಚಹಾ. ಮೊದಲ ಹೇಳಿಕೆಯೊಂದೇ ಸಾಕು. ನಾನು ಹೀಗೆ ಮೀಸೆ ತಿರುವುತ್ತಿರುವಾಗ ಟೇಬಲ್ ಒರೆಸುತ್ತಿದ್ದ ಹುಡುಗ, "ಹಾಫ್ ಚಹಾ ಹಿಡದ್ರೇನ್ರಿ? ಐದ್ ರೂಪಾಯಿ" ಅಂದ. ಮುಗಿಯಿತು. ಎರಡು ಪ್ಲೇಟು ಭಜಿ, ಒಂದು ಹಾಫ್: ಅದೂ 35. ಭಜಿ ಒಂದೇ ಪ್ಲೇಟು ಅಂತ ಹಿಡಿದರೂ ಉಳಿದ ಇಪ್ಪತ್ತಕ್ಕೆ ಎರಡು ಫುಲ್ಲೋ, ನಾಲ್ಕು ಹಾಫೋ? ಎರಡೂ ಕೂಡಿದರೂ ಸಾಲದು!

ಸಾಲದು ಅನ್ನುವುದಕ್ಕೆ ಈ ಸೀಮೆಯೇ ಸಾಕ್ಷಿ. ಉದಗೀರದ ಒಬ್ಬ ಆಯಿ ಹುಟ್ಟಿದ್ದು ಬೀದರ ಜಿಲ್ಲೆಯಲ್ಲಿ, ಮದುವೆಯಾದದ್ದು ಉಸ್ಮಾನಾಬಾದ ಜಿಲ್ಲೆಯಲ್ಲಿ, ಮೊಮ್ಮಗನನ್ನು ಎತ್ತಿ ಆಡಿಸಿದ್ದು ಲಾತೂರು ಜಿಲ್ಲೆಯಲ್ಲಿ. ಎಷ್ಟು ಸಲ ಊರು ಬಿಟ್ಟಳು? ಒಮ್ಮೆಯೂ ಇಲ್ಲ, ಗಂಡನ ಮನೆ ಹಿಂದಿನ ಓಣಿಯಲ್ಲೇ. 1956ರಲ್ಲಿ ಉದಗೀರ, ನಿಲಂಗಾ, ಅಹ್ಮದಪುರ ತಾಲೂಕುಗಳನ್ನು ಬೀದರದಿಂದ ಬಿಡಿಸಿ ಮುಂಬಯಿ ರಾಜ್ಯಕ್ಕೆ ಕೊಟ್ಟರು, 1960ಕ್ಕೆ ಅದು ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರು ಜಿಲ್ಲೆ ಹುಟ್ಟಿತು. ಆಯಿ ಕೂತಲ್ಲೇ ಕೂತಿದ್ದಳು, ಕಾಗದಪತ್ರ ಓಡಾಡಿದವು. ಇನ್ನು ಗಡಿ ತಂಟೆಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರ ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ಸರ್ಕಾರ, ಎರಡು ಹೇಳಿಕೆ. ಯಾವ ದಾರಿಗೆ ಟಿಕ್ ಹಾಕಬೇಕೆಂದು ನನ್ನನ್ನು ಕೇಳಬೇಡಿ.

ಹುಡುಗ ಈಗ ತಕ್ಕಮಟ್ಟಿಗೆ ಪಳಗಿದ್ದಾನೆ. ಉಳಿದದ್ದು ಒಂದೇ ಚಟ: 'ಸಾಕು' ಅಂತ ಗೊತ್ತಾದ ಮೇಲೂ ಭಾಗಾಕಾರ ಮುಗಿಸದೆ ಬಿಡುವುದಿಲ್ಲ, ಹೊತ್ತು ಕಳೆಯುತ್ತಾನೆ. ಅವನಪ್ಪ ಉದಗೀರ ಮಂಡಿಯ ತೊಗರಿ ಅಂಗಡಿಯಲ್ಲಿ ಮುನೀಮ. ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳು ಅಂದರೆ ಅಣ್ಣ ನನ್ನ ಮೇಲೇ ಏರಿ ಬಂದ: "ಉತ್ತರ ಬರ್ತದಂತ ತಿಳದ್ರ ಸಾಕಂತ? ಹಂಗಾರ ತೊಗರಿ ತಂದಾಂವಗ ನಾನೂ 'ರೊಕ್ಕ ಬರ್ತದ ಹೋಗಪಾ' ಅಂತ ಹೇಳಿ ಕಳಸ್ಲೇನು?"